ಫೋಟೋ ಎಡಿಟಿಂಗ್‌ಗೆ ಯಾವ ಕಂಪ್ಯೂಟರ್ ಕೊಳ್ಳಬೇಕು?

(ವೃತ್ತಿ ಮಾರ್ಗದರ್ಶನ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ. ಮುಗಿಸಿದ ನಮ್ಮ ಮಕ್ಕಳಲ್ಲಿ ಅನೇಕರು ಇಂದು ಫೋಟೋ ಎಡಿಟಿಂಗ್ ಕಲಿಯಲು ಮುಂದೆ ಬರುತ್ತಿದ್ದಾರೆ. ಇದು ಸಂತೋಷದ ವಿಷಯ. ಮದುವೆ ಆಲ್ಬಂ, ಶಾಲೆಯ ಗುರುತಿನ ಚೀಟಿ, ಅಂಗಡಿಯ ಬ್ಯಾನರ್, ಹಳೆಯ ಫೋಟೋಗಳ ರಿಪೇರಿ, ಹೀಗೆ ಕೆಲಸಕ್ಕೆ ಕೊರತೆಯಿಲ್ಲ. ಇದಕ್ಕೆ ಪೇಟೆಯಲ್ಲಿ ಮಳಿಗೆ ಹಿಡಿಯಬೇಕಾಗಿಲ್ಲ, ಮನೆಯ ಒಂದು ಮೂಲೆ ಸಾಕು. ಅದರಲ್ಲೂ ಹೆಣ್ಣುಮಕ್ಕಳಿಗೆ ಇದು ಒಳ್ಳೆಯ ಅವಕಾಶ. ಮದುವೆಯಲ್ಲಿ ಹೆಂಗಸರ ಕಡೆಯ ಫೋಟೋಗಳನ್ನು ಹೆಣ್ಣುಮಕ್ಕಳೇ ತೆಗೆಯಲಿ, ಹೆಣ್ಣುಮಕ್ಕಳೇ ಎಡಿಟ್ ಮಾಡಲಿ ಎಂದು ಬಯಸುವ ಮನೆಗಳು ನಮ್ಮಲ್ಲಿ ಬಹಳ. ಆ ಕೆಲಸ ಮಾಡಬಲ್ಲವರು ಮಾತ್ರ ಕಡಿಮೆ.

ಆದರೆ ಈ ಕೆಲಸದ ಮೊದಲ ಹೆಜ್ಜೆಯಲ್ಲೇ ದೊಡ್ಡ ಖರ್ಚು ಇದೆ. ಅದು ಕಂಪ್ಯೂಟರ್. ಈ ಹಣ ಎಲ್ಲಿಂದ ಬರುತ್ತದೆ ಎಂಬುದು ನಿಮಗೆ ನಾನು ಹೇಳಬೇಕಾಗಿಲ್ಲ. ತಾಯಿ ಕಟ್ಟಿದ ಚೀಟಿಯ ಹಣ, ಅಡವಿಟ್ಟ ಬಳೆ, ಹೊರದೇಶದಲ್ಲಿರುವ ಅಣ್ಣ ಕಳಿಸಿದ ಹಣ. ಅಂಥ ಹಣದಿಂದ ಕೊಳ್ಳುವ ಯಂತ್ರ ಕನಿಷ್ಠ ಐದು ವರ್ಷ ದುಡಿಯಬೇಕು. ಅಂಗಡಿಯವರು ತೋರಿಸಿದ್ದನ್ನು ಕೊಳ್ಳುವುದು ಬೇರೆ, ನಮಗೆ ಬೇಕಾದುದನ್ನು ಕೇಳಿ ಕೊಳ್ಳುವುದು ಬೇರೆ. ಹೇಗೆ ಕೇಳಬೇಕು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಬೆಲೆಗಳನ್ನು ನಾನು ಇಲ್ಲಿ ಹೇಳುವುದಿಲ್ಲ. ಕಂಪ್ಯೂಟರ್ ಬಿಡಿಭಾಗಗಳ ಬೆಲೆ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಹೇಗೆ ಏರಿತೆಂಬುದನ್ನು ಕೊಳ್ಳಲು ಹೋದವರೆಲ್ಲ ಕಂಡಿದ್ದಾರೆ. ಬೆಲೆ ಬದಲಾದರೂ ಬದಲಾಗದ ಕೆಲವು ಸೂತ್ರಗಳಿವೆ. ಅವುಗಳನ್ನು ತಿಳಿದುಕೊಳ್ಳೋಣ.

ಮೊದಲು ಕೆಲಸ, ಆಮೇಲೆ ಯಂತ್ರ

ಅಂಗಡಿಗೆ ಹೋಗುವ ಮೊದಲು ಒಂದು ಹಾಳೆಯ ಮೇಲೆ ನಿಮ್ಮ ಕೆಲಸ ಯಾವುದೆಂದು ಬರೆಯಿರಿ. ಪಾಸ್‌ಪೋರ್ಟ್ ಸೈಜ್ ಫೋಟೋ, ಗುರುತಿನ ಚೀಟಿ, ಮೊಬೈಲ್ ಚಿತ್ರಗಳ ಸಣ್ಣಪುಟ್ಟ ತಿದ್ದುಪಡಿ ಇಷ್ಟೇ ಆದರೆ ಸಾಧಾರಣ ಕಂಪ್ಯೂಟರ್ ಸಾಕು. ಮದುವೆಯ ಸಾವಿರಾರು ಫೋಟೋಗಳನ್ನು ಆರಿಸಿ, ಬಣ್ಣ ಸರಿಪಡಿಸಿ, ಕರಿಜ್ಮಾ ಆಲ್ಬಂ ವಿನ್ಯಾಸ ಮಾಡುವುದಾದರೆ ಶಕ್ತಿ ಹೆಚ್ಚು ಬೇಕು. ಫೋಟೋ ಜೊತೆಗೆ ವಿಡಿಯೋ ಎಡಿಟಿಂಗ್ ಕೂಡ ಮಾಡುವುದಾದರೆ ಇನ್ನೂ ಹೆಚ್ಚು ಬೇಕು. ನಾಳೆ ವಿಡಿಯೋ ಮಾಡಬಹುದು ಎಂಬ ಊಹೆಯ ಮೇಲೆ ಇಂದು ಸಾಲ ಮಾಡಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಕಂಪ್ಯೂಟರಿಗೂ ಅನ್ವಯಿಸುತ್ತದೆ.

ಸ್ವಲ್ಪ ಲೆಕ್ಕ

ನಾನು ಭಾಷೆಯ ಶಿಕ್ಷಕ. ಆದರೂ ಇಲ್ಲಿ ಸ್ವಲ್ಪ ಲೆಕ್ಕ ಮಾಡಲೇಬೇಕು. 24 ಮೆಗಾಪಿಕ್ಸೆಲ್ ಕ್ಯಾಮರಾದ ಚಿತ್ರವೆಂದರೆ ಅಡ್ಡಕ್ಕೆ 6,000, ಉದ್ದಕ್ಕೆ 4,000, ಒಟ್ಟು 2 ಕೋಟಿ 40 ಲಕ್ಷ ಚುಕ್ಕಿಗಳು. ಅದರ ರಾ ಫೈಲ್ ಸಾಮಾನ್ಯವಾಗಿ 25ರಿಂದ 30 ಎಂ.ಬಿ. ಇರುತ್ತದೆ. ಒಂದು ಮದುವೆಯಲ್ಲಿ 3,000 ಫೋಟೋ ತೆಗೆದರೆ 75ರಿಂದ 90 ಜಿ.ಬಿ. ಆಯಿತು. ತಿಂಗಳಿಗೆ ನಾಲ್ಕು ಮದುವೆ ಎಂದರೆ 300 ಜಿ.ಬಿ. ದಾಟಿತು.

ಇನ್ನು ಆಲ್ಬಂ ಲೆಕ್ಕ ನೋಡಿ. 12 ಇಂಚು ಎತ್ತರ, 36 ಇಂಚು ಅಗಲದ ಶೀಟನ್ನು ಇಂಚಿಗೆ 300 ಚುಕ್ಕಿಯಂತೆ ಮಾಡಿದರೆ 3,600ನ್ನು 10,800ರಿಂದ ಗುಣಿಸಬೇಕು. ಉತ್ತರ 3 ಕೋಟಿ 88 ಲಕ್ಷ 80 ಸಾವಿರ ಚುಕ್ಕಿಗಳು. ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಬೈಟ್ ಬೇಕು. ಹೀಗೆ ಒಂದೇ ಲೇಯರ್ ಸುಮಾರು 11 ಕೋಟಿ 66 ಲಕ್ಷ ಬೈಟ್, ಅಂದರೆ 110 ಎಂ.ಬಿ.ಗಿಂತ ಹೆಚ್ಚು ಜಾಗ ಕೇಳುತ್ತದೆ. ಶೀಟನ್ನು ಪೂರ್ತಿ ತುಂಬುವ ಹತ್ತು ಲೇಯರ್ ಹಾಕಿದರೆ ಒಂದು ಜಿ.ಬಿ. ದಾಟುತ್ತದೆ. ನೀವು ಮಾಡಿದ ಪ್ರತಿ ಬದಲಾವಣೆಯನ್ನೂ ಹಿಂದಕ್ಕೆ ಪಡೆಯಲು ಸಾಫ್ಟ್‌ವೇರ್ ನೆನಪಿಟ್ಟುಕೊಳ್ಳುವುದರಿಂದ ಇದು ಇನ್ನೂ ಬೆಳೆಯುತ್ತದೆ. ಈ ಲೆಕ್ಕ ಗೊತ್ತಿದ್ದವರಿಗೆ ಯಾವ ಭಾಗಕ್ಕೆ ಎಷ್ಟು ಖರ್ಚು ಮಾಡಬೇಕೆಂಬುದು ತಾನಾಗಿ ತಿಳಿಯುತ್ತದೆ.

ಮಾನಿಟರ್: ನಿಮ್ಮ ಕಣ್ಣು

ಹೆಚ್ಚಿನವರು ಪ್ರೊಸೆಸರ್ ಬಗ್ಗೆ ಹತ್ತು ಪ್ರಶ್ನೆ ಕೇಳುತ್ತಾರೆ, ಮಾನಿಟರ್ ಬಗ್ಗೆ ಒಂದನ್ನೂ ಕೇಳುವುದಿಲ್ಲ. ಫೋಟೋ ಕೆಲಸದಲ್ಲಿ ಇದು ತಲೆಕೆಳಗಾದ ಕ್ರಮ. ಪ್ರೊಸೆಸರ್ ನಿಧಾನವಾದರೆ ಕೆಲಸ ತಡವಾಗುತ್ತದೆ, ಅಷ್ಟೇ. ಮಾನಿಟರ್ ಸುಳ್ಳು ಬಣ್ಣ ತೋರಿಸಿದರೆ ಕೆಲಸವೇ ಕೆಡುತ್ತದೆ. ಮದುವಣಗಿತ್ತಿಯ ಕೈಯ ಮೆಹಂದಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಗೋಧಿ ಬಣ್ಣದ ಮುಖ ಬೂದಿಯಾಗುತ್ತದೆ. ಆಲ್ಬಂ ಮತ್ತೆ ಪ್ರಿಂಟ್ ಹಾಕಿಸುವ ಖರ್ಚು ನಿಮ್ಮ ತಲೆಗೇ ಬರುತ್ತದೆ.

ಕೇಳಬೇಕಾದದ್ದು ಎರಡು. ಮೊದಲನೆಯದು, ಪ್ಯಾನೆಲ್ ಐ.ಪಿ.ಎಸ್. ಆಗಿರಬೇಕು. ಟಿ.ಎನ್. ಎಂಬ ಅಗ್ಗದ ಪ್ಯಾನೆಲ್‌ನಲ್ಲಿ ತಲೆ ಸ್ವಲ್ಪ ಎತ್ತಿದರೂ ತಗ್ಗಿಸಿದರೂ ಬಣ್ಣ ಬದಲಾಗುತ್ತದೆ. ಅಂಗಡಿಯಲ್ಲೇ ಒಂದು ಮುಖದ ಚಿತ್ರವನ್ನು ಪರದೆ ತುಂಬ ಹಾಕಿಸಿ ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ನೋಡಿ. ಬಣ್ಣ ಓಡಾಡಿದರೆ ಬೇಡವೆನ್ನಿ. ಎರಡನೆಯದು, ಎಸ್.ಆರ್.ಜಿ.ಬಿ. ಎಂಬ ಬಣ್ಣದ ಮಟ್ಟವನ್ನು ಅದು ಶೇಕಡಾ 100ರ ಹತ್ತಿರ ತೋರಿಸಬೇಕು. ಇದು 1996ರಲ್ಲಿ ಎಚ್.ಪಿ. ಮತ್ತು ಮೈಕ್ರೋಸಾಫ್ಟ್ ಸೇರಿ ರೂಪಿಸಿದ ಅಳತೆ. ನಮ್ಮ ಬಹುತೇಕ ಕಲರ್ ಲ್ಯಾಬ್‌ಗಳು ಕೇಳುವುದೂ ಇದನ್ನೇ. ಅಗ್ಗದ ಲ್ಯಾಪ್‌ಟಾಪ್‌ಗಳ ವಿವರ ಪಟ್ಟಿಯಲ್ಲಿ ಶೇಕಡಾ 45 ಎನ್.ಟಿ.ಎಸ್.ಸಿ. ಎಂದು ಬರೆದಿರುತ್ತದೆ. ಅಂದರೆ ಎಸ್.ಆರ್.ಜಿ.ಬಿ. ಬಣ್ಣಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಮಾತ್ರ ಆ ಪರದೆ ತೋರಿಸಬಲ್ಲದು. ಉಳಿದ ಬಣ್ಣ ಫೈಲ್‌ನಲ್ಲಿ ಇದ್ದರೂ ನಿಮಗೆ ಕಾಣುವುದಿಲ್ಲ.

ಗಾತ್ರದಲ್ಲಿ 24 ಇಂಚಿನ ಫುಲ್ ಎಚ್.ಡಿ. ಮಾನಿಟರ್ ಆರಂಭಕ್ಕೆ ಸಾಕು. ಅನುಕೂಲವಿದ್ದವರು 27 ಇಂಚಿನ, ಅಡ್ಡಕ್ಕೆ 2,560 ಚುಕ್ಕಿ ಇರುವುದನ್ನು ನೋಡಬಹುದು.

ಇಲ್ಲಿ ಇನ್ನೊಂದು ಮಾತು. ಪರದೆಯಲ್ಲಿ ಚೆನ್ನಾಗಿತ್ತು, ಲ್ಯಾಬ್‌ನಿಂದ ಕಪ್ಪಾಗಿ ಬಂತು ಎಂಬ ದೂರನ್ನು ನೀವು ಕೇಳಿರಬಹುದು. ಅನೇಕ ಸಲ ತಪ್ಪು ಲ್ಯಾಬ್‌ನದಲ್ಲ. ಮಾನಿಟರ್ ಕಾರ್ಖಾನೆಯಿಂದ ಬರುವಾಗ ಅದರ ಬೆಳಕು ಬಹಳ ಹೆಚ್ಚಿರುತ್ತದೆ. ಪ್ರಿಂಟ್ ಕೆಲಸಕ್ಕೆ 100ರಿಂದ 120 ನಿಟ್ಸ್ ಸಾಕು ಎನ್ನುತ್ತಾರೆ, ಮಾನಿಟರ್ 250 ನಿಟ್ಸ್ ಅಥವಾ ಅದಕ್ಕೂ ಹೆಚ್ಚು ಬೆಳಗಬಲ್ಲದು. ಹೆಚ್ಚು ಬೆಳಕಿನ ಪರದೆ ನೋಡಿ ನಾವು ಚಿತ್ರವನ್ನು ಕತ್ತಲು ಮಾಡಿಬಿಡುತ್ತೇವೆ. ಆದ್ದರಿಂದ ಬೆಳಕು ತಗ್ಗಿಸಿ, ನೈಟ್ ಲೈಟ್ ಆಫ್ ಮಾಡಿ, ಕಿಟಕಿಯ ಬಿಸಿಲು ಪರದೆಯ ಮೇಲೆ ಬೀಳದಂತೆ ಕೂರಿ. ಬಣ್ಣ ಅಳೆಯುವ ಕ್ಯಾಲಿಬ್ರೇಟರ್ ಎಂಬ ಉಪಕರಣ ಇದೆ. ಅದು ಇಲ್ಲದವರು ಒಂದೇ ಚಿತ್ರದ ಪ್ರಿಂಟನ್ನು ತಮ್ಮ ಲ್ಯಾಬ್‌ನಿಂದ ತರಿಸಿ, ಪರದೆಯ ಪಕ್ಕದಲ್ಲಿಟ್ಟು ಹೋಲಿಸಿ, ಬೆಳಕನ್ನು ಹೊಂದಿಸಿಕೊಳ್ಳಲಿ. ಇದು ಪೂರ್ತಿ ನಿಖರವಲ್ಲದಿದ್ದರೂ ಬಹಳಷ್ಟು ನಷ್ಟ ತಪ್ಪಿಸುತ್ತದೆ.

ರ‍್ಯಾಮ್ ಮತ್ತು ಡಿಸ್ಕ್

ರ‍್ಯಾಮ್ ಎಂದರೆ ಕೆಲಸ ಮಾಡುವ ಮೇಜು, ಡಿಸ್ಕ್ ಎಂದರೆ ಬೀರು. ಮೇಜು ಚಿಕ್ಕದಾದರೆ ಪ್ರತಿ ಕಾಗದಕ್ಕೂ ಎದ್ದು ಬೀರುವಿಗೆ ಹೋಗಬೇಕಾಗುತ್ತದೆ. ಫೋಟೋಶಾಪ್ ತಯಾರಿಸುವ ಅಡೋಬಿ ಸಂಸ್ಥೆ ಕನಿಷ್ಠ 8 ಜಿ.ಬಿ. ರ‍್ಯಾಮ್ ಬೇಕೆಂದೂ 16 ಜಿ.ಬಿ. ಇದ್ದರೆ ಒಳ್ಳೆಯದೆಂದೂ ಹೇಳುತ್ತದೆ. ಆಲ್ಬಂ ಕೆಲಸ ಮಾಡುವವರು 16 ಜಿ.ಬಿ.ಯನ್ನೇ ಕನಿಷ್ಠ ಎಂದು ತಿಳಿಯಬೇಕು. ಹಣ ಸಾಲದಿದ್ದರೆ ಈಗ 8 ಜಿ.ಬಿ. ಹಾಕಿಸಿ, ಆದರೆ ಮದರ್‌ಬೋರ್ಡ್‌ನಲ್ಲಿ ಖಾಲಿ ಸ್ಲಾಟ್ ಇದೆಯೇ ಎಂದು ಕೇಳಿ. ಸಂಪಾದನೆ ಬಂದ ಮೇಲೆ ಇನ್ನೊಂದು ಹಾಕಿಸಬಹುದು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅಂಥದ್ದರಲ್ಲಿ ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ.

ಡಿಸ್ಕ್‌ನಲ್ಲಿ ಎರಡು ಬಗೆ. ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಕ್ಷಣಕ್ಕೆ ನೂರರಿಂದ ಇನ್ನೂರು ಎಂ.ಬಿ. ಓದಬಲ್ಲದು. ಸಾಟಾ ಎಸ್.ಎಸ್.ಡಿ. ಸುಮಾರು 550 ಎಂ.ಬಿ. ಓದುತ್ತದೆ. ಎನ್.ವಿ.ಎಂ.ಇ. ಎಂಬ ಬಗೆಯ ಎಸ್.ಎಸ್.ಡಿ. ಅದಕ್ಕಿಂತ ಹಲವು ಪಟ್ಟು ವೇಗದ್ದು. ರ‍್ಯಾಮ್ ತುಂಬಿದಾಗ ಫೋಟೋಶಾಪ್ ಡಿಸ್ಕ್‌ನ ಖಾಲಿ ಜಾಗವನ್ನೇ ಮೇಜಿನಂತೆ ಬಳಸುತ್ತದೆ. ಇದಕ್ಕೆ ಸ್ಕ್ರ್ಯಾಚ್ ಡಿಸ್ಕ್ ಎನ್ನುತ್ತಾರೆ. ಹಾರ್ಡ್ ಡಿಸ್ಕ್‌ನಲ್ಲಿ ಈ ಸ್ಥಿತಿ ಬಂದರೆ ಯಂತ್ರ ನಿಂತೇಹೋದಂತೆ ಅನಿಸುತ್ತದೆ. ಹಾಗಾಗಿ ವಿಂಡೋಸ್, ಸಾಫ್ಟ್‌ವೇರ್ ಮತ್ತು ನಡೆಯುತ್ತಿರುವ ಕೆಲಸಕ್ಕೆ 512 ಜಿ.ಬಿ. ಎಸ್.ಎಸ್.ಡಿ., ಮುಗಿದ ಕೆಲಸವನ್ನು ಕೂಡಿಡಲು 2 ಅಥವಾ 4 ಟಿ.ಬಿ. ಹಾರ್ಡ್ ಡಿಸ್ಕ್, ಇದು ಕಡಿಮೆ ಖರ್ಚಿನ ಜಾಣ ಹೊಂದಾಣಿಕೆ.

ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್

ಐ5 ಇದೆ, ಐ7 ಇದೆ ಎಂಬ ಮಾತಿಗೆ ಮರುಳಾಗಬೇಡಿ. ಅದರ ಮುಂದಿನ ಸಂಖ್ಯೆ ಕೇಳಿ. 8400 ಎಂದಿದ್ದರೆ ಅದು ಎಂಟನೆಯ ಪೀಳಿಗೆ, 12400 ಎಂದಿದ್ದರೆ ಹನ್ನೆರಡನೆಯದು. 2011ರ ಐ7ಗಿಂತ 2022ರ ಐ3 ವೇಗವಾಗಿ ಕೆಲಸ ಮಾಡುತ್ತದೆ. 2023ರಿಂದ ಇಂಟೆಲ್ ಕಂಪನಿ ಹೆಸರಿಡುವ ಕ್ರಮವನ್ನೇ ಬದಲಾಯಿಸಿ ಕೋರ್ ಅಲ್ಟ್ರಾ ಎಂಬಂಥ ಹೆಸರು ತಂದಿದೆ. ಹೆಸರು ಏನೇ ಇರಲಿ, ಇತ್ತೀಚಿನ ಪೀಳಿಗೆಯ ಮಧ್ಯಮ ದರ್ಜೆಯ ಇಂಟೆಲ್ ಅಥವಾ ಎ.ಎಂ.ಡಿ. ರೈಜನ್ 5 ಫೋಟೋ ಕೆಲಸಕ್ಕೆ ಧಾರಾಳ.

ಬಣ್ಣಬಣ್ಣದ ದೀಪ ಮಿನುಗುವ ಗೇಮಿಂಗ್ ಕಂಪ್ಯೂಟರ್ ನೋಡಿದರೆ ಹುಡುಗರ ಮನಸ್ಸು ಅಲ್ಲೇ ನಿಲ್ಲುತ್ತದೆ. ಪೋಷಕರು ಇಲ್ಲಿ ಎಚ್ಚರವಾಗಿರಬೇಕು. ಸಾಮಾನ್ಯ ಫೋಟೋ ತಿದ್ದುಪಡಿಗೆ ಪ್ರೊಸೆಸರ್ ಜೊತೆಗೇ ಬರುವ ಗ್ರಾಫಿಕ್ಸ್ ಸಾಕು. ಆದರೆ 2023ರಲ್ಲಿ ಲೈಟ್‌ರೂಮ್‌ಗೆ ಬಂದ ಡಿನಾಯ್ಸ್‌ನಂಥ ಕೃತಕ ಬುದ್ಧಿಮತ್ತೆಯ ಸೌಲಭ್ಯಗಳು ಗ್ರಾಫಿಕ್ಸ್ ಕಾರ್ಡ್ ಮೇಲೆ ನಡೆಯುತ್ತವೆ. ಮಂದ ಬೆಳಕಿನ ಹಾಲ್‌ನಲ್ಲಿ ತೆಗೆದ ನೂರಾರು ಫೋಟೋಗಳ ಕಾಳು ತೆಗೆಯುವ ಕೆಲಸ ನಿತ್ಯ ಇರುವವರಿಗೆ ಪ್ರತ್ಯೇಕ ಕಾರ್ಡ್ ಉಪಯುಕ್ತ. ಉಳಿದವರು ಆ ಹಣವನ್ನು ಮಾನಿಟರಿಗೂ ರ‍್ಯಾಮ್‌ಗೂ ಹಾಕಲಿ.

ಡೆಸ್ಕ್‌ಟಾಪೋ, ಲ್ಯಾಪ್‌ಟಾಪೋ?

ಒಂದೇ ಜಾಗದಲ್ಲಿ ಕುಳಿತು ಕೆಲಸ ಮಾಡುವವರಿಗೆ ಡೆಸ್ಕ್‌ಟಾಪ್ ಮೇಲು. ಅದೇ ಹಣಕ್ಕೆ ಹೆಚ್ಚು ಶಕ್ತಿ ಸಿಗುತ್ತದೆ, ಕೆಟ್ಟ ಭಾಗವನ್ನಷ್ಟೇ ಬದಲಾಯಿಸಬಹುದು, ಮಾನಿಟರನ್ನು ನಮ್ಮ ಇಷ್ಟದಂತೆ ಆರಿಸಬಹುದು. ಕಾಲೇಜಿಗೂ ಮದುವೆ ಹಾಲ್‌ಗೂ ಒಯ್ಯಲೇಬೇಕಾದವರಿಗೆ, ಅಥವಾ ದಿನದಲ್ಲಿ ಹಲವು ಸಲ ಕರೆಂಟು ಹೋಗುವ ಊರಿನವರಿಗೆ ಲ್ಯಾಪ್‌ಟಾಪ್ ಅನುಕೂಲ. ಅಂಥವರು ಮುಂದೆ ಒಂದು ಒಳ್ಳೆಯ ಮಾನಿಟರ್ ಕೊಂಡು ಅದಕ್ಕೆ ಜೋಡಿಸಿಕೊಳ್ಳಬಹುದು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ನಮ್ಮ ತಾಲ್ಲೂಕು ಕೇಂದ್ರದ ಅಂಗಡಿಗಳವರೆಗೆ, ಕಂಪನಿಗಳು ಬಳಸಿ ಬಿಟ್ಟ ಕಂಪ್ಯೂಟರ್‌ಗಳು ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಮಾತು ನೆನಪಿಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ನಡೆಯಬೇಕಾದರೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೆಯ ಪೀಳಿಗೆಯಾದರೂ ಇರಬೇಕು, ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆಯೂ ಇರಬೇಕು. ಆದ್ದರಿಂದ ನಾಲ್ಕನೆಯ, ಆರನೆಯ ಪೀಳಿಗೆಯ ಯಂತ್ರ ಎಷ್ಟೇ ಅಗ್ಗವಾದರೂ ಯೋಚಿಸಿ ಕೊಳ್ಳಿ. ಈಗಾಗಲೇ ಅಂಥದ್ದು ಮನೆಯಲ್ಲಿದ್ದರೆ ಅದನ್ನು ಎಸೆಯಬೇಕಾಗಿಲ್ಲ. ಎಸ್.ಎಸ್.ಡಿ. ಹಾಕಿಸಿ, ಲಿನಕ್ಸ್ ಹಾಕಿಕೊಂಡರೆ ಕಲಿಯುವ ಕೆಲಸಕ್ಕೆ ಚೆನ್ನಾಗಿ ಬರುತ್ತದೆ.

ಸಾಫ್ಟ್‌ವೇರ್, ಕನ್ನಡ ಮತ್ತು ಉರ್ದು

ಫೋಟೋಶಾಪ್ ಮೊದಲು ಮಾರುಕಟ್ಟೆಗೆ ಬಂದದ್ದು 1990ರಲ್ಲಿ. 2013ರ ನಂತರ ಅದರ ಹೊಸ ಆವೃತ್ತಿಗಳಿಗೆ ತಿಂಗಳಿಗೋ ವರ್ಷಕ್ಕೋ ಬಾಡಿಗೆಯಂತೆ ಹಣ ಕಟ್ಟಬೇಕು. ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಅಂಗಡಿಯವರು ಉಚಿತವಾಗಿ ಹಾಕಿಕೊಡುವ ಕಳ್ಳ ಪ್ರತಿಯಲ್ಲಿ ವೈರಸ್ ಅಡಗಿರಬಹುದು. ಗಿರಾಕಿಯ ಮದುವೆ ಫೋಟೋಗಳೆಲ್ಲ ಬೀಗ ಬಿದ್ದು, ತೆರೆಯಲು ಹಣ ಕೇಳುವ ಸಂದೇಶ ಬಂದರೆ ಯಾರನ್ನು ಕೇಳುತ್ತೀರಿ? ಹಣ ಕಟ್ಟಲಾಗದವರಿಗೆ ಗಿಂಪ್, ಡಾರ್ಕ್‌ಟೇಬಲ್, ರಾ ಥೆರಪಿ ಎಂಬ ಪೂರ್ತಿ ಉಚಿತ ಸಾಫ್ಟ್‌ವೇರ್‌ಗಳಿವೆ. 1995ರಲ್ಲಿ ಆರಂಭವಾದ ಗಿಂಪ್‌ನ ಮೂರನೆಯ ಆವೃತ್ತಿ 2025ರ ಮಾರ್ಚ್‌ನಲ್ಲಿ ಬಂದಿದೆ. ಇವು ಕಾನೂನುಬದ್ಧವಾಗಿಯೇ ಉಚಿತ.

ನಾನು ಎರಡು ಭಾಷೆ ಕಲಿಸುವವನಾದ್ದರಿಂದ ಇನ್ನೊಂದು ವಿಷಯ ಹೇಳಲೇಬೇಕು. ಆಲ್ಬಂ ಮೇಲೆ ವಧೂವರರ ಹೆಸರನ್ನು ಕನ್ನಡದಲ್ಲಿ ಹಾಕಿದಾಗ ಒತ್ತಕ್ಷರಗಳು ಪಕ್ಕಕ್ಕೆ ಜಾರಿರುವುದನ್ನು, ಉರ್ದುವಿನಲ್ಲಿ ಹಾಕಿದಾಗ ಅಕ್ಷರಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ, ಎಡದಿಂದ ಬಲಕ್ಕೆ ತಿರುಗಿ ನಿಂತಿರುವುದನ್ನು ನೀವು ಕಂಡಿರಬಹುದು. ಇದು ಕಂಪ್ಯೂಟರಿನ ದೋಷವಲ್ಲ. ಫೋಟೋಶಾಪ್‌ನ ಹಲವು ಆವೃತ್ತಿಗಳಲ್ಲಿ ಪ್ರಿಫರೆನ್ಸಸ್ ಒಳಗಿನ ಟೈಪ್ ವಿಭಾಗದಲ್ಲಿ ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್ ಎಂಬುದನ್ನು ಆರಿಸಿ, ಸಾಫ್ಟ್‌ವೇರ್ ಮುಚ್ಚಿ ತೆರೆದರೆ ಸರಿಯಾಗುತ್ತದೆ. ಯುನಿಕೋಡ್ ಅಕ್ಷರಗಳನ್ನೇ ಬಳಸಿ. ಕನ್ನಡಕ್ಕೆ ನೋಟೋ ಸಾನ್ಸ್ ಕನ್ನಡ, ಉರ್ದುವಿಗೆ ನೋಟೋ ನಸ್ತಾಲೀಕ್ ಉರ್ದು ಉಚಿತವಾಗಿ ಸಿಗುತ್ತವೆ. ಎರಡೂ ಲಿಪಿಯನ್ನು ತಪ್ಪಿಲ್ಲದೆ ಹಾಕಬಲ್ಲ ಎಡಿಟರ್ ಈ ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರೆ? ನೀವು ಓದಿದ ಭಾಷೆಯೇ ಇಲ್ಲಿ ನಿಮ್ಮ ಬಂಡವಾಳ.

ಫೋಟೋ ಎಂಬ ಅಮಾನತ್

ಯಂತ್ರ ಬಂದ ಮೇಲೆ ಅದನ್ನು ಕಾಪಾಡುವ ಮಾತು. ಡೆಸ್ಕ್‌ಟಾಪ್ ಕೊಂಡವರು ಯು.ಪಿ.ಎಸ್. ಇಲ್ಲದೆ ಒಂದು ದಿನವೂ ನಡೆಸಬೇಡಿ. ಅದು ಗಂಟೆಗಟ್ಟಲೆ ಓಡಬೇಕಾಗಿಲ್ಲ, ಫೈಲ್ ಸೇವ್ ಮಾಡಿ ಕಂಪ್ಯೂಟರ್ ಮುಚ್ಚುವಷ್ಟು ಹೊತ್ತು ನಿಂತರೆ ಸಾಕು. ಮನೆಯ ಅರ್ಥಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರಿಶಿಯನ್‌ಗೆ ತೋರಿಸಿ.

ಡಿಸ್ಕ್ ಎಂಬುದು ಒಂದಲ್ಲ ಒಂದು ದಿನ ಕೆಡುತ್ತದೆ. ಮದುವೆಯನ್ನು ಎರಡನೆಯ ಸಲ ಮಾಡಿಸಲು ಆಗುವುದಿಲ್ಲ. ಇದಕ್ಕೆ 3-2-1 ಎಂಬ ನಿಯಮವಿದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಸಂಬಂಧಿಕರ ಮನೆಯಲ್ಲೋ ಕ್ಲೌಡ್‌ನಲ್ಲೋ ಇನ್ನೊಂದು. ಆಲ್ಬಂ ಕೈಗೆ ಮುಟ್ಟುವವರೆಗೆ ಕ್ಯಾಮರಾದ ಕಾರ್ಡ್ ಅಳಿಸಬೇಡಿ.

ಗಿರಾಕಿ ಕೊಟ್ಟ ಫೋಟೋ ನಿಮ್ಮ ಸ್ವತ್ತಲ್ಲ, ಅದು ನಿಮ್ಮ ಬಳಿ ಇಟ್ಟ ಅಮಾನತ್. ಅದರಲ್ಲೂ ಹೆಂಗಸರ ಫೋಟೋಗಳು ಬೇರೆ ಕಣ್ಣಿಗೆ ಬೀಳಬಾರದೆಂಬ ನಂಬಿಕೆಯಿಂದಲೇ ನಿಮ್ಮಲ್ಲಿಗೆ ಬಂದಿರುತ್ತವೆ. ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿ. ಹೊರಗಿನ ಡಿಸ್ಕ್‌ಗೂ ಬೀಗ ಹಾಕುವ ಸಾಫ್ಟ್‌ವೇರ್ ಬಳಸಿ. ರಿಪೇರಿಗೆ ಕೊಡುವಾಗ ಸಾಧ್ಯವಾದರೆ ಡಿಸ್ಕ್ ತೆಗೆದಿಟ್ಟು ಕೊಡಿ. ಹಳೆಯ ಯಂತ್ರ ಮಾರುವಾಗ ಡಿಲೀಟ್ ಮಾಡಿದರೆ ಸಾಲದು, ಅಳಿಸಿದ ಚಿತ್ರಗಳನ್ನು ಮತ್ತೆ ಹೊರತೆಗೆಯುವ ಸಾಫ್ಟ್‌ವೇರ್‌ಗಳಿವೆ. ಡಿಸ್ಕನ್ನೇ ಉಳಿಸಿಕೊಂಡು ಮಾರುವುದು ಕ್ಷೇಮ. ಒಬ್ಬ ಗಿರಾಕಿಯ ನಂಬಿಕೆ ಕೆಟ್ಟರೆ ಇಡೀ ಮೊಹಲ್ಲಾದ ಬಾಗಿಲು ಮುಚ್ಚುತ್ತದೆ.

ಹತ್ತು ಪಾಲಿನ ಲೆಕ್ಕ

ಕೊನೆಯದಾಗಿ, ಆಲ್ಬಂ ಕೆಲಸಕ್ಕೆ ಡೆಸ್ಕ್‌ಟಾಪ್ ಕೊಳ್ಳುವವರು ಕೈಯಲ್ಲಿರುವ ಹಣವನ್ನು ಹತ್ತು ಪಾಲು ಮಾಡಿ. ಮಾನಿಟರಿಗೆ ಎರಡು ಪಾಲು. ಪ್ರೊಸೆಸರ್ ಮತ್ತು ಮದರ್‌ಬೋರ್ಡಿಗೆ ಮೂರು. ರ‍್ಯಾಮ್ ಮತ್ತು ಎಸ್.ಎಸ್.ಡಿ.ಗೆ ಎರಡು. ಕೂಡಿಡುವ ಹಾರ್ಡ್ ಡಿಸ್ಕ್‌ಗಳಿಗೆ ಒಂದು. ಕ್ಯಾಬಿನೆಟ್, ಎಸ್.ಎಂ.ಪಿ.ಎಸ್., ಕೀಬೋರ್ಡ್, ಮೌಸ್‌ಗೆ ಒಂದು. ಯು.ಪಿ.ಎಸ್.ಗೆ ಒಂದು. ಇದು ಕಲ್ಲಿನ ಮೇಲೆ ಕೆತ್ತಿದ ನಿಯಮವಲ್ಲ, ಬೆಲೆ ನೋಡಿ ಸ್ವಲ್ಪ ಹಿಂದೆಮುಂದೆ ಮಾಡಬಹುದು. ಆದರೆ ಮಾನಿಟರ್ ಮತ್ತು ಹಾರ್ಡ್ ಡಿಸ್ಕ್ ಪಾಲನ್ನು ಕಡಿದು ಗ್ರಾಫಿಕ್ಸ್ ಕಾರ್ಡಿಗೆ ಕೊಡಬೇಡಿ.

ಕನಿಷ್ಠ ಮೂರು ಅಂಗಡಿಗಳಲ್ಲಿ ಕೊಟೇಶನ್ ಬರೆಸಿಕೊಳ್ಳಿ. ಬರೀ ಐ5, 16 ಜಿ.ಬಿ. ಎಂದು ಬರೆದರೆ ಒಪ್ಪಬೇಡಿ, ಪ್ರತಿ ಭಾಗದ ಕಂಪನಿ ಮತ್ತು ಮಾದರಿ ಸಂಖ್ಯೆ ಇರಬೇಕು. ಜಿ.ಎಸ್.ಟಿ. ಬಿಲ್ ಕೇಳಿ ಪಡೆಯಿರಿ, ಬಿಲ್ ಇಲ್ಲದಿದ್ದರೆ ವಾರಂಟಿ ಬರೀ ಬಾಯಿಮಾತು. ಸಾಲ ಬೇಕಾದವರು ಖಾಸಗಿ ಬಡ್ಡಿಯವರ ಬಳಿ ಹೋಗುವ ಮೊದಲು ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಜಿಲ್ಲಾ ಕಚೇರಿಯಲ್ಲಿ ಈ ವರ್ಷದ ಸ್ವಯಂ ಉದ್ಯೋಗ ಯೋಜನೆಗಳ ಬಗ್ಗೆ ವಿಚಾರಿಸಿ.

ಕಂಪ್ಯೂಟರ್ ಕೊಂಡ ಮಾತ್ರಕ್ಕೆ ಯಾರೂ ಎಡಿಟರ್ ಆಗುವುದಿಲ್ಲ. ಹಣ ಕೂಡುವವರೆಗೆ ಸುಮ್ಮನೆ ಕೂರಬೇಡಿ. ಶಾಲೆಯ ಕಂಪ್ಯೂಟರಿನಲ್ಲೋ ನೆಂಟರ ಮನೆಯಲ್ಲೋ ಗಿಂಪ್ ಹಾಕಿಕೊಂಡು ಇಂದೇ ಶುರುಮಾಡಿ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಅಜ್ಜ-ಅಜ್ಜಿಯರ ಮಾಸಿದ ಫೋಟೋ ಇದ್ದೇ ಇರುತ್ತದೆ. 4 ಇಂಚು 6 ಇಂಚಿನ ಪ್ರಿಂಟನ್ನು ಇಂಚಿಗೆ 600 ಚುಕ್ಕಿಯಂತೆ ಸ್ಕ್ಯಾನ್ ಮಾಡಿಸಿದರೆ 86 ಲಕ್ಷ ಚುಕ್ಕಿಗಳ ಚಿತ್ರ ಸಿಗುತ್ತದೆ, ಅದನ್ನು ತಿದ್ದಲು ಹಳೆಯ ಕಂಪ್ಯೂಟರೂ ಸಾಕು. ಗೆರೆ ಅಳಿಸಿ, ಕಲೆ ತೆಗೆದು, ಮುಖವನ್ನು ಇದ್ದಂತೆಯೇ ಉಳಿಸಿ ದೊಡ್ಡದು ಮಾಡಿಸಿ ಮನೆಯವರ ಕೈಗಿಡಿ. ಆಮೇಲೆ ಕಂಪ್ಯೂಟರಿಗೆ ಹಣ ಕೇಳಿದರೆ ಮನೆಯವರು ಬೇಡವೆನ್ನುವುದು ಕಷ್ಟ.